ಹುಲ್ಲಿನ ಲೆಕ್ಕ ಹಿಕ್ಕೆಯಲ್ಲಿದೆ

ಹೊರರಾಜ್ಯಗಳಲ್ಲಿ ದುಡಿಯುವ ನಮ್ಮವರಲ್ಲಿ ಒಂದು ಆಸೆ ಈಚೆಗೆ ಜೋರಾಗಿದೆ. ಊರಿನ ಜಮೀನಿನಲ್ಲಿ ಶೆಡ್ ಹಾಕಿ ಕುರಿ ಸಾಕುವುದು ಆ ಆಸೆ. ಪುಣೆಯ ಸಾಫ್ಟ್‌ವೇರ್ ಎಂಜಿನಿಯರ್, ಮುಂಬೈಯ ಬ್ಯಾಂಕ್ ನೌಕರ, ನಾನಿರುವ ಹೈದರಾಬಾದಿನ ಔಷಧ ಕಂಪನಿಯ ಕೆಮಿಸ್ಟ್ ಎಲ್ಲರಿಗೂ ಊರಿನಲ್ಲಿ ಮೂರ್ನಾಲ್ಕು ಎಕರೆ ಇದೆ, ಅಲ್ಲಿ ಒಬ್ಬ ತಮ್ಮನೋ ಭಾವನೋ ಇದ್ದಾನೆ. ನಾನು ಪಶು ಆಹಾರದ ಕ್ಷೇತ್ರದಲ್ಲಿ ಇರುವುದರಿಂದ ಭಾನುವಾರ ಬಂತೆಂದರೆ ಫೋನು. ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಈ ಹೊಸ ತಳಿಯ ಹುಲ್ಲಿನಲ್ಲಿ ಪ್ರೋಟೀನ್ ಶೇ 18 ಇದೆಯಂತೆ. ಕಡ್ಡಿ ತರಿಸಿ ನಾಟಿ ಮಾಡಿಸಲಾ?’

ನಾನು ತಿರುಗಿ ಕೇಳುವುದು ಒಂದೇ ಮಾತು. ಅದನ್ನು ಎಷ್ಟು ಕುರಿಗೆ, ಎಷ್ಟು ದಿನ ಹಾಕಿ ನೋಡಿದ್ದಾರೆ?

ಆ ಕಡೆಯಿಂದ ಉತ್ತರ ಬರುವುದಿಲ್ಲ. ಫೋನ್ ಮಾಡಿದವರದು ಅದರಲ್ಲಿ ತಪ್ಪಿಲ್ಲ. ಹುಲ್ಲಿನ ಕಡ್ಡಿ ಮಾರುವವರ ಜಾಹೀರಾತಿನಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಯೂಟ್ಯೂಬ್ ವಿಡಿಯೊದಲ್ಲಿ ಈ ಪ್ರಶ್ನೆಯೇ ಇರುವುದಿಲ್ಲ. ಎಕರೆಗೆ ಎಷ್ಟು ಟನ್ ಬರುತ್ತದೆ, ಪ್ರೋಟೀನ್ ಎಷ್ಟು ಎನ್ನುವ ಎರಡು ಅಂಕಿಗಳ ಮೇಲೆ ಲಕ್ಷಾಂತರ ರೂಪಾಯಿಯ ನಿರ್ಧಾರ ನಡೆದುಹೋಗುತ್ತದೆ. ಮೂರನೆಯ ಅಂಕಿ, ಅಂದರೆ ತಿಂದ ಹುಲ್ಲಿನಲ್ಲಿ ಕುರಿ ದಕ್ಕಿಸಿಕೊಂಡದ್ದೆಷ್ಟು ಎಂಬುದನ್ನು ಯಾರೂ ಕೇಳುವುದಿಲ್ಲ. ಕುರಿ ಸಾಕಣೆಯಲ್ಲಿ ಲಾಭವೋ ನಷ್ಟವೋ ಎಂಬುದು ತೀರ್ಮಾನವಾಗುವುದು ಆ ಮೂರನೆಯ ಅಂಕಿಯಲ್ಲೇ.

ಪ್ರೋಟೀನ್ ಅಂಕಿಯ ಗುಟ್ಟು ಇಷ್ಟೇ. ಪ್ರಯೋಗಾಲಯದಲ್ಲಿ ಹುಲ್ಲಿನ ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ, ಬಂದದ್ದನ್ನು ‘ಕಚ್ಚಾ ಪ್ರೋಟೀನ್’ ಎನ್ನುತ್ತಾರೆ. ಯೂರಿಯಾ ಹಾಕಿ, ಎಳೆಯದಾಗಿದ್ದಾಗಲೇ ಕೊಯ್ದರೆ ಯಾವ ನೇಪಿಯರ್‌ನಲ್ಲೂ ಈ ಅಂಕಿ ಏರುತ್ತದೆ. ಅದೇ ಹುಲ್ಲು ಎದೆಯೆತ್ತರ ಬೆಳೆದು ದಂಟು ಬಲಿತರೆ ಇಳಿಯುತ್ತದೆ. ಅಂಕಿ ಸುಳ್ಳಲ್ಲ, ಆದರೆ ಅದು ಹುಲ್ಲಿನ ಬಗ್ಗೆ ಮಾತ್ರ ಹೇಳುತ್ತದೆ. ಕುರಿಯ ಹೊಟ್ಟೆಯಲ್ಲಿ ಏನಾಯಿತು ಎಂದು ತಿಳಿಯಬೇಕಾದರೆ ಕುರಿಯನ್ನೇ ಕೇಳಬೇಕು.

ಕಳೆಯುವ ಲೆಕ್ಕ, ಕಠಿಣ ಕೆಲಸ

ಕುರಿಯನ್ನು ಕೇಳುವ ವಿಧಾನ ಹಳೆಯದು. 19ನೇ ಶತಮಾನದಿಂದಲೂ ಪಶು ಆಹಾರ ವಿಜ್ಞಾನ ಇದನ್ನೇ ನಂಬಿಕೊಂಡು ಬಂದಿದೆ. ತಿಂದದ್ದನ್ನು ತೂಗು, ಹಾಕಿದ ಹಿಕ್ಕೆಯನ್ನು ತೂಗು, ಎರಡರಲ್ಲೂ ನೀರಿನಂಶ ತೆಗೆದು ಒಣ ಲೆಕ್ಕ ಹಿಡಿ, ಒಂದರಿಂದ ಇನ್ನೊಂದನ್ನು ಕಳೆ. ಉಳಿದದ್ದು ಜೀರ್ಣವಾದದ್ದು.

ಒಂದು ಉದಾಹರಣೆ ನೋಡಿ. ಸುಮಾರು 30 ಕೆ.ಜಿ. ತೂಗುವ ಕುರಿಗೆ ದಿನಕ್ಕೆ 5 ಕೆ.ಜಿ. ಹಸಿಹುಲ್ಲು ಹಾಕಿದಿರಿ. ಹುಲ್ಲಿನಲ್ಲಿ ಶೇ 80 ನೀರು, ಶೇ 20 ಒಣ ಪದಾರ್ಥ. ಅಂದರೆ ಗೋದಲಿಗೆ ಹೋದದ್ದು ಒಣ ಲೆಕ್ಕದಲ್ಲಿ 1,000 ಗ್ರಾಂ. ಮರುದಿನ ಬೆಳಗ್ಗೆ ಮಿಕ್ಕ ದಂಟಿನಲ್ಲಿ ಒಣ ಪದಾರ್ಥ 100 ಗ್ರಾಂ. ಕುರಿ ತಿಂದದ್ದು 900 ಗ್ರಾಂ. ಹಿಕ್ಕೆಯಲ್ಲಿ ಬಂದದ್ದು 360 ಗ್ರಾಂ. ಜೀರ್ಣವಾದದ್ದು 540 ಗ್ರಾಂ, ಅಂದರೆ ಶೇ 60.

ಒಣಹುಲ್ಲಿಗೆ, ಹಿಂಡಿಗೆ ಈ ಪರೀಕ್ಷೆ ಮಾಡುವುದು ಸುಲಭ. ಒಂದೇ ದಿನ ಚೀಲ ತುಂಬಿಟ್ಟರೆ ತಿಂಗಳಿಡೀ ಅದೇ ಮೇವು. ಹಸಿಹುಲ್ಲು ಹಾಗಲ್ಲ. ಕೊಯ್ದ ಗಳಿಗೆಯಿಂದ ನೀರು ಕಳೆದುಕೊಳ್ಳುತ್ತದೆ, ಕೊಯ್ಯದೆ ಬಿಟ್ಟರೆ ಬಲಿಯುತ್ತದೆ. ನಿನ್ನೆಯ ಹುಲ್ಲು ಇವತ್ತಿನದಲ್ಲ. ಪರೀಕ್ಷೆಯನ್ನು ರೂಪಿಸುವವರು ಇದನ್ನು ಮರೆತರೆ, ಎಷ್ಟು ದುಬಾರಿ ಯಂತ್ರ ಇಟ್ಟುಕೊಂಡರೂ ಬರುವ ಅಂಕಿ ದಾರಿ ತಪ್ಪಿಸುತ್ತದೆ.

ನನಗೆ ಇದು ತಿಳಿದದ್ದು ಸ್ವಂತ ತಪ್ಪಿನಿಂದ. ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ನಾವು ಇಬ್ಬರು ಸೇರಿ ಹಸಿಮೇವಿನ ಪರೀಕ್ಷೆ ನಡೆಸುತ್ತಿದ್ದೆವು. ಬೆಳಗ್ಗೆ ಆರಕ್ಕೆ ಇಬ್ಬನಿ ಆರುವ ಮೊದಲೇ ಹುಲ್ಲು ಕೊಯ್ದು, ತೂಗಿ ಕುರಿಗಳಿಗೆ ಹಾಕುತ್ತಿದ್ದೆವು. ಓಟೆಯಂತೆ ಓಡಿ ಪಾಠಕ್ಕೆ ಹೋಗಿ, ಮಧ್ಯಾಹ್ನ ಬಂದು ನೆರಳಿನಲ್ಲಿಟ್ಟಿದ್ದ ಅದೇ ರಾಶಿಯಿಂದ ಸ್ಯಾಂಪಲ್ ತೆಗೆದು ಒಲೆಪೆಟ್ಟಿಗೆಗೆ ಇಡುತ್ತಿದ್ದೆವು. ಫಲಿತಾಂಶ ಬಹಳ ಚೆನ್ನಾಗಿ ಬಂತು. ಹಿಗ್ಗಿನಿಂದ ಗೈಡ್ ಮುಂದೆ ಇಟ್ಟೆವು. ಅವರು ಹಾಳೆ ತಿರುವಿ, ‘ಸ್ಯಾಂಪಲ್ ಎಷ್ಟು ಹೊತ್ತಿಗೆ ತೆಗೆದಿರಿ?’ ಎಂದು ಮಾತ್ರ ಕೇಳಿದರು. ಏಳು ದಿನದ ದುಡಿಮೆ ಅಲ್ಲಿಗೆ ಮುಗಿಯಿತು.

ಏಕೆ ಎಂದು ಮೇಲಿನ ಉದಾಹರಣೆಯಲ್ಲೇ ನೋಡಬಹುದು. ಬಾಡಿದ ಹುಲ್ಲಿನ ಸ್ಯಾಂಪಲ್ ಶೇ 20 ಒಣ ಪದಾರ್ಥ ಎಂದು ತೋರಿಸಿತು. ಆದರೆ ಇಬ್ಬನಿ ಸಮೇತ ಬೆಳಗ್ಗೆ ತೂಗಿದ ಹುಲ್ಲಿನಲ್ಲಿ ಇದ್ದದ್ದು ಶೇ 17 ಎಂದಿಟ್ಟುಕೊಳ್ಳಿ. ಆಗ ಹಾಕಿದ್ದು 850 ಗ್ರಾಂ, ತಿಂದದ್ದು 750 ಗ್ರಾಂ, ಹಿಕ್ಕೆ ಅದೇ 360 ಗ್ರಾಂ. ಜೀರ್ಣವಾದದ್ದು 390 ಗ್ರಾಂ, ಅಂದರೆ ಶೇ 52. ನೀರಿನ ಅಳತೆಯಲ್ಲಿ ಮೂರು ಅಂಶ ತಪ್ಪಿದ್ದಕ್ಕೆ ಜೀರ್ಣತೆಯಲ್ಲಿ ಎಂಟು ಅಂಶ ಹಾರಿಹೋಯಿತು.

ಅಂದು ನಮ್ಮ ಕುರಿದೊಡ್ಡಿ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು. ಕುರುಬರ ಮನೆಯವರು, ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ನಮ್ಮ ಜೋಲುಮುಖ ನೋಡಿ ಹೇಳಿದರು: ‘ತಮ್ಮಾ, ಏನ ತಿಂದೈತಿ ಅನ್ನೂದು ಗ್ವಾದಲ್ಯಾಗ ಕಾಣತೈತಿ. ಏನ ದಕ್ಕಿಸಿಕೊಂಡೈತಿ ಅನ್ನೂದು ಹಿಕ್ಕ್ಯಾಗ ಕಾಣತೈತಿ. ಎರಡೂ ಸರಿಯಾಗಿ ನೋಡಬೇಕು.’ ಕುರಿಗಾಹಿಗಳು ಬೆಳಗ್ಗೆ ದೊಡ್ಡಿಗೆ ಹೋದೊಡನೆ ನೆಲ ನೋಡುತ್ತಾರೆ. ಹಿಕ್ಕೆ ಬಿಡಿಬಿಡಿಯಾಗಿ ಗಟ್ಟಿಯಾಗಿದೆಯೇ, ಮೆತ್ತಗೆ ಅಂಟಿಕೊಂಡಿದೆಯೇ ಎಂಬುದರಲ್ಲೇ ಅವರಿಗೆ ಹಿಂದಿನ ದಿನದ ಮೇವಿನ ಸುದ್ದಿ. ನಮ್ಮ ವಿಜ್ಞಾನ ಅದಕ್ಕೆ ತಕ್ಕಡಿ ಸೇರಿಸಿದೆ, ಅಷ್ಟೆ.

ತಪ್ಪುಗಳೆಲ್ಲ ಒಂದೇ ಕಡೆ ವಾಲುತ್ತವೆ

ಈ ಪರೀಕ್ಷೆಯಲ್ಲಿ ಒಂದು ವಿಚಿತ್ರವಿದೆ, ಅದನ್ನು ಪ್ರತಿಯೊಬ್ಬ ಓದುಗರೂ ತಿಳಿದಿರಬೇಕು. ಸಾಮಾನ್ಯವಾಗಿ ಅಳತೆಯ ತಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೋರಿಸಿ ಸರಾಸರಿಯಲ್ಲಿ ಸರಿಹೋಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಗೋದಲಿಯಿಂದ ಹೊರಗೆ ಚೆಲ್ಲಿದ ಹುಲ್ಲನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕುರಿ ಅದನ್ನು ತಿಂದಿತು ಎಂದಾಗುತ್ತದೆ. ರಾತ್ರಿ ಹಿಕ್ಕೆಯ ಚೀಲ ಜಾರಿ ನಾಲ್ಕು ಹಿಡಿ ಕೆಳಗೆ ಬಿದ್ದರೆ ಅಷ್ಟೂ ಜೀರ್ಣವಾಯಿತು ಎಂದಾಗುತ್ತದೆ. ಹುಲ್ಲು ಬಾಡಿದ ಮೇಲೆ ಸ್ಯಾಂಪಲ್ ತೆಗೆದರೂ ಅದೇ ಕಥೆ. ಅಜಾಗರೂಕತೆ ಹೆಚ್ಚಾದಷ್ಟೂ ಹುಲ್ಲು ಒಳ್ಳೆಯದಾಗಿ ಕಾಣುತ್ತದೆ! ಆದ್ದರಿಂದ ತುಂಬ ಚೆನ್ನಾಗಿರುವ ಅಂಕಿ ಕಂಡಾಗ ಖುಷಿಪಡುವ ಮೊದಲು ಅನುಮಾನಿಸಬೇಕು.

ಹಾಗಾದರೆ ನಂಬಬಹುದಾದ ಪರೀಕ್ಷೆ ಹೇಗಿರುತ್ತದೆ?

ಮೊದಲನೆಯದು, ಹುಲ್ಲಿನ ವಯಸ್ಸು. ಕುರಿಯ ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗಿಕೊಳ್ಳಲು ಎರಡು ವಾರವಾದರೂ ಬೇಕು. ಆಮೇಲೆ ಏಳು ದಿನ ಹಿಕ್ಕೆ ಸಂಗ್ರಹ. ಒಟ್ಟು 21 ದಿನ. 45 ದಿನದ ಹುಲ್ಲಿನಿಂದ ಶುರುಮಾಡಿ ಅದೇ ತಾಕಿನಿಂದ ದಿನಾ ಕೊಯ್ಯುತ್ತ ಹೋದರೆ ಕೊನೆಯ ದಿನ ಕುರಿ ತಿನ್ನುವುದು 65 ದಿನದ ಹುಲ್ಲು. ಎಲೆ ಕಡಿಮೆಯಾಗಿ, ದಂಟು ಹೆಚ್ಚಾಗಿ, ನಾರು ಬಲಿತಿರುತ್ತದೆ. ಅಲ್ಲಿಗೆ ಅಳೆದದ್ದು ಯಾವ ಹುಲ್ಲನ್ನು? ಇದಕ್ಕೆ ಪರಿಹಾರ ರೈತನೂ ಒಪ್ಪುವಂಥದ್ದು. ತಾಕನ್ನು 21 ಪಟ್ಟಿಗಳಾಗಿ ಮಾಡಿ, ಪರೀಕ್ಷೆಗೆ ಮುಂಚೆಯೇ ದಿನಕ್ಕೊಂದು ಪಟ್ಟಿಯಂತೆ ಸವರಿಬಿಡುವುದು. ಆಗ ಪರೀಕ್ಷೆಯ ಪ್ರತಿದಿನವೂ ಒಂದೊಂದು ಪಟ್ಟಿಗೆ ಸರಿಯಾಗಿ 45 ದಿನ ತುಂಬುತ್ತದೆ. ಇದಕ್ಕೆ ಬೇಕಾದದ್ದು ಕುಡುಗೋಲು, ಕ್ಯಾಲೆಂಡರು ಮತ್ತು ಎರಡು ತಿಂಗಳು ಮುಂಚಿನ ಯೋಚನೆ.

ಎಲ್ಲವನ್ನೂ ಒಂದೇ ದಿನ ಕೊಯ್ದು ಶೈತ್ಯಾಗಾರದಲ್ಲಿ ಹೆಪ್ಪುಗಟ್ಟಿಸಿ ಇಡುವ ಕ್ರಮವೂ ಇದೆ. ಆರು ಕುರಿಗೆ 21 ದಿನಕ್ಕೆ 630 ಕೆ.ಜಿ. ಹುಲ್ಲು ಬೇಕು. ಅಷ್ಟು ದೊಡ್ಡ ಫ್ರೀಜರ್ ಎಲ್ಲೆಡೆ ಇರುವುದಿಲ್ಲ. ಇದ್ದರೂ ಹೆಪ್ಪು ಕರಗಿದ ಹುಲ್ಲಿನ ಕೋಶಗಳು ಒಡೆದು ರಸ ಸೋರುತ್ತದೆ. ಒಣಗಿಸಿ ಇಟ್ಟರೆ ಎಲೆ ಉದುರುತ್ತದೆ, ಶಾಖ ಹೆಚ್ಚಾದರೆ ಪ್ರೋಟೀನ್ ನಾರಿಗೆ ಅಂಟಿಕೊಂಡು ಜೀರ್ಣವಾಗದಂತಾಗುತ್ತದೆ. ರೈತ ಹಾಕುವುದು ಹಸಿಹುಲ್ಲಾದರೆ ಅಳೆಯಬೇಕಾದದ್ದೂ ಹಸಿಹುಲ್ಲನ್ನೇ.

ಎರಡನೆಯದು, ಕುರಿಯ ಆಯ್ಕೆ. ಕುರಿ ದನದಂತೆ ಸಿಕ್ಕಿದ್ದನ್ನು ಬಾಚಿ ತಿನ್ನುವುದಿಲ್ಲ. ತುಟಿಯಿಂದ ಎಲೆ ಆರಿಸಿಕೊಂಡು ದಂಟು ಬಿಡುತ್ತದೆ. ಮಿಕ್ಕ ಮೇವನ್ನು ಬರೀ ತೂಗಿದರೆ ಸಾಲದು, ಅದನ್ನು ಪ್ರತ್ಯೇಕವಾಗಿ ವಿಶ್ಲೇಷಿಸಬೇಕು. ಹುಲ್ಲನ್ನು ಸಣ್ಣಗೆ ಕತ್ತರಿಸಿ, ಸ್ವಲ್ಪವೂ ಮಿಗದಂತೆ ಅಳೆದು ಹಾಕಿದರೆ ಒಂದು ಅಂಕಿ ಬರುತ್ತದೆ. ಉದ್ದುದ್ದ ಹಾಕಿ ಹೊಟ್ಟೆತುಂಬ ಬಿಟ್ಟರೆ ಇನ್ನೊಂದು. ಎರಡೂ ಸರಿಯೇ, ಆದರೆ ಎರಡೂ ಬೇರೆ ಬೇರೆ ಪ್ರಶ್ನೆಗಳ ಉತ್ತರ. ನಿಮ್ಮ ಶೆಡ್ಡಿನಲ್ಲಿ ಕತ್ತರಿಸುವ ಯಂತ್ರವಿಲ್ಲದಿದ್ದರೆ ಮೊದಲನೆಯ ಅಂಕಿ ನಿಮಗಲ್ಲ.

ಮೂರನೆಯದು, ಹೊತ್ತು. ಇವತ್ತು ತಿಂದದ್ದು ಇವತ್ತೇ ಹೊರಬರುವುದಿಲ್ಲ. ಮೆಲುಕು ಹಾಕಿ ಎರಡು ಮೂರು ದಿನಗಳವರೆಗೆ ಸ್ವಲ್ಪಸ್ವಲ್ಪವಾಗಿ ಬರುತ್ತದೆ. ಆದ್ದರಿಂದ ಸಂಗ್ರಹಕ್ಕೆ ಮುಂಚಿನ ದಿನಗಳಿಂದಲೇ ತಿನ್ನುವ ಪ್ರಮಾಣ ಏರುಪೇರಾಗದಂತೆ ನೋಡಿಕೊಳ್ಳಬೇಕು, ಹಿಕ್ಕೆಯ ಲೆಕ್ಕವನ್ನು ಮೇವಿನ ಲೆಕ್ಕಕ್ಕಿಂತ ಒಂದೆರಡು ದಿನ ತಡವಾಗಿ ಹಿಡಿಯಬೇಕು.

ನಾಲ್ಕನೆಯದು, ಎಷ್ಟು ಕುರಿ, ಯಾವ ಜೋಡಣೆ. ಒಂದೇ ಮೇವು ತಿಂದ ಒಂದೇ ವಯಸ್ಸಿನ ಕುರಿಗಳ ನಡುವೆಯೇ ಒಂದೆರಡು ಅಂಶ ವ್ಯತ್ಯಾಸ ಇದ್ದೇ ಇರುತ್ತದೆ. ಎರಡು ಕುರಿಗಳಿಗೆ ಹಾಕಿ, ‘ನಮ್ಮ ಹುಲ್ಲು ಎರಡು ಅಂಶ ಮೇಲು’ ಎನ್ನುವುದಕ್ಕೆ ಅರ್ಥವಿಲ್ಲ. ಮೇವೊಂದಕ್ಕೆ ನಾಲ್ಕರಿಂದ ಆರು ಕುರಿಯಾದರೂ ಬೇಕು. ಕುರಿ ಕಡಿಮೆಯಿದ್ದರೆ ಸರದಿಯಂತೆ ಪ್ರತಿ ಕುರಿಗೂ ಪ್ರತಿ ಮೇವನ್ನೂ ತಿನ್ನಿಸುವ ‘ಲ್ಯಾಟಿನ್ ಚೌಕ’ ಕ್ರಮವಿದೆ. ಹಸಿಹುಲ್ಲಿನಲ್ಲಿ ಇದಕ್ಕೂ ಒಂದು ಅಪಾಯ. ಮೊದಲ ಸರದಿಯಲ್ಲಿ ಎಳೆಹುಲ್ಲು, ಮೂರನೆಯ ಸರದಿಯಲ್ಲಿ ಬಲಿತದ್ದು ಆಗಿಬಿಟ್ಟರೆ, ಮೇಲ್ನೋಟಕ್ಕೆ ಒಂದೇ ಮೇವು ಎಂದು ಬರೆದದ್ದು ನಿಜಕ್ಕೂ ಮೂರು ಮೇವಾಗಿರುತ್ತದೆ. ಮೇಲೆ ಹೇಳಿದ ಪಟ್ಟಿಗಳ ಉಪಾಯ ಇಲ್ಲೂ ಕಾಪಾಡುತ್ತದೆ.

ಗ್ಲಿರಿಸಿಡಿಯಾದಂಥ ಸೊಪ್ಪಿನದು ಬೇರೆಯೇ ಸಮಸ್ಯೆ. ಅದನ್ನೊಂದನ್ನೇ ಹೊಟ್ಟೆತುಂಬ ತಿನ್ನಿಸಲಾಗದು. ಒಣಹುಲ್ಲಿನ ಜೊತೆ ಬೆರೆಸಿ ಹಾಕಿ, ಒಣಹುಲ್ಲಿನ ಪಾಲನ್ನು ಕಳೆದು ಸೊಪ್ಪಿನ ಪಾಲು ಲೆಕ್ಕ ಹಾಕಬೇಕು. ಸೊಪ್ಪಿನ ಸಾರಜನಕದಿಂದ ಒಣಹುಲ್ಲೂ ಹೆಚ್ಚು ಜೀರ್ಣವಾಗಿದ್ದರೆ ಆ ಕೀರ್ತಿಯೆಲ್ಲ ಸೊಪ್ಪಿಗೇ ಹೋಗುತ್ತದೆ. ‘ಸೊಪ್ಪಿನ ಜೀರ್ಣತೆ ಇಷ್ಟು’ ಎಂಬ ಅಂಕಿಯ ಹಿಂದೆ ಯಾವ ಹುಲ್ಲಿನ ಜೊತೆ ಎಂಬುದನ್ನು ಕೇಳಲೇಬೇಕು.

ಕೊನೆಯದು, ಕುರಿಯ ನೆಮ್ಮದಿ. ಕುರಿ ಹಿಂಡಿನ ಪ್ರಾಣಿ. ಕಣ್ಣಿಗೆ ಇನ್ನೊಂದು ಕುರಿ ಕಾಣದಂತೆ ಪಂಜರದಲ್ಲಿ ಒಂಟಿಯಾಗಿ ಇಟ್ಟರೆ ಮೇವು ಬಿಡುತ್ತದೆ. ಜಂತುನಾಶಕ ಕೊಟ್ಟು, ಪಂಜರಕ್ಕೆ ಮೊದಲೇ ರೂಢಿ ಮಾಡಿಸಿ, ಪಕ್ಕಪಕ್ಕ ನಿಲ್ಲಿಸಬೇಕು. ಪ್ರಾಣಿಗಳ ನೈತಿಕ ಸಮಿತಿಯ ಒಪ್ಪಿಗೆ ಪಡೆಯುವುದು ಬರೀ ಕಾಗದದ ಕೆಲಸವಲ್ಲ. ಹೆದರಿದ ಕುರಿ ಕೊಡುವ ಅಂಕಿ ಹೆದರಿಕೆಯ ಅಂಕಿ, ಹುಲ್ಲಿನದಲ್ಲ.

ಗಾಜಿನ ನಳಿಗೆಯಲ್ಲಿ ಆಗದೇ?

ಇಷ್ಟೆಲ್ಲ ಪಾಡು ಏಕೆ, ಪ್ರಯೋಗಾಲಯದಲ್ಲೇ ಮಾಡಬಾರದೇ ಎಂದು ಕೇಳುವವರಿದ್ದಾರೆ. ಮಾಡಬಹುದು. ಇಂಗ್ಲೆಂಡಿನ ಹರ್ಲಿಯ ಹುಲ್ಲುಗಾವಲು ಸಂಶೋಧನಾ ಸಂಸ್ಥೆಯ ಟಿಲ್ಲಿ ಮತ್ತು ಟೆರ್ರಿ 1963ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಕುರಿಯ ಮೊದಲ ಹೊಟ್ಟೆಯ ರಸದಲ್ಲಿ 48 ಗಂಟೆ, ಆಮೇಲೆ ಆಮ್ಲ ಮತ್ತು ಪೆಪ್ಸಿನ್‌ನಲ್ಲಿ 48 ಗಂಟೆ ಹುಲ್ಲಿನ ಪುಡಿ ಇಟ್ಟು ಕರಗಿದ್ದೆಷ್ಟು ಎಂದು ನೋಡುತ್ತಾರೆ. ಅರ್ಧ ಗ್ರಾಂ ಸ್ಯಾಂಪಲ್ ಸಾಕು, ಒಂದೇ ವಾರದಲ್ಲಿ ಹತ್ತಾರು ತಳಿ ಹೋಲಿಸಬಹುದು. ತಳಿ ಅಭಿವೃದ್ಧಿ ಮಾಡುವವರಿಗೆ ಇದು ದೊಡ್ಡ ವರ.

ಆದರೆ ನಳಿಗೆಯ ಅಂಕಿ ತನ್ನ ಕಾಲ ಮೇಲೆ ತಾನು ನಿಲ್ಲುವುದಿಲ್ಲ. ಕುರಿಯಲ್ಲಿ ಆಗಲೇ ಅಳೆದ ಮೇವುಗಳನ್ನು ಜೊತೆಗಿಟ್ಟು ಅದನ್ನು ಸರಿತೂಗಿಸಬೇಕು. ಆ ಮೇವು ತಂಪು ದೇಶದ ಹುಲ್ಲಾಗಿದ್ದರೆ, ನಮ್ಮ ಬಿಸಿಲಿನ ನೇಪಿಯರ್‌ಗೆ, ಜೋಳದ ಹಸಿಮೇವಿಗೆ ಆ ಸರಿತೂಗುವಿಕೆ ಹೊಂದುತ್ತದೆ ಎಂಬ ಖಾತರಿ ಇಲ್ಲ. ಉಷ್ಣ ವಲಯದ ಹುಲ್ಲುಗಳ ನಾರಿನ ರಚನೆ ಬೇರೆ, ಜೀರ್ಣತೆ ಸಾಮಾನ್ಯವಾಗಿ ಕಡಿಮೆ. ನಳಿಗೆಯ ಹಿಂದೆ ಎಲ್ಲೋ ಒಂದು ಕಡೆ ನಮ್ಮ ಹುಲ್ಲು ತಿಂದ ನಮ್ಮ ಕುರಿ ನಿಂತಿರಲೇಬೇಕು.

ಇದು ಬರೀ ವಿದ್ವಾಂಸರ ಚರ್ಚೆಯಲ್ಲ

2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 7.4 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರದ ನಂತರ ಮೂರನೆಯ ಸ್ಥಾನ ಕರ್ನಾಟಕದ್ದು, ಸುಮಾರು 1.1 ಕೋಟಿ. ನಾನಿರುವ ತೆಲಂಗಾಣದಲ್ಲಿ 2017ರಲ್ಲಿ ಕುಟುಂಬಕ್ಕೆ 20 ಕುರಿ, 1 ಟಗರು ಕೊಡುವ ದೊಡ್ಡ ಯೋಜನೆ ಶುರುವಾದಾಗ ಅಕ್ಕಪಕ್ಕದ ರಾಜ್ಯಗಳಿಂದ, ಕರ್ನಾಟಕದಿಂದಲೂ, ಕುರಿಗಳನ್ನು ಲಾರಿಗಳಲ್ಲಿ ತಂದರು. ಕುರಿ ತರುವುದು ಒಂದು ದಿನದ ಕೆಲಸ, ಮೇವು ಹಾಕುವುದು ದಿನದಿನದ ಕೆಲಸ.

ಈಗ ರಾಷ್ಟ್ರೀಯ ಜಾನುವಾರು ಮಿಷನ್‌ನಡಿ 500 ಹೆಣ್ಣು, 25 ಟಗರುಗಳ ಘಟಕಕ್ಕೆ ಶೇ 50ರಷ್ಟು ಬಂಡವಾಳ ಸಹಾಯಧನವಿದೆ. ನನಗೆ ಫೋನ್ ಮಾಡುವವರಲ್ಲಿ ಹಲವರ ಕಣ್ಣು ಅದರ ಮೇಲಿದೆ. ಮೇಲಿನ ಉದಾಹರಣೆಯನ್ನು ಈ ಘಟಕಕ್ಕೆ ಹಾಕಿ ನೋಡಿ. ಕುರಿಗೆ 540 ಗ್ರಾಂ ದಕ್ಕುತ್ತಿದೆ ಎಂದು ಯೋಜನಾ ವರದಿ ಹೇಳುತ್ತದೆ, ನಿಜಕ್ಕೂ ದಕ್ಕುತ್ತಿರುವುದು 390 ಗ್ರಾಂ. ತಲೆಗೆ 150 ಗ್ರಾಂ ಖೋತಾ. 525 ಕುರಿಗೆ ದಿನಕ್ಕೆ ಸುಮಾರು 79 ಕೆ.ಜಿ. ಜೀರ್ಣವಾಗುವ ಆಹಾರ ಕಡಿಮೆ. ಅದನ್ನು ಅದೇ ಹುಲ್ಲಿನಿಂದ ತುಂಬಿಸಲು ದಿನಕ್ಕೆ ಸುಮಾರು 900 ಕೆ.ಜಿ. ಹಸಿಹುಲ್ಲು ಹೆಚ್ಚು ಬೇಕು. ಹುಲ್ಲು ಇದ್ದರೂ ಅಷ್ಟನ್ನು ತಿನ್ನಲು ಕುರಿಯ ಹೊಟ್ಟೆಯಲ್ಲಿ ಜಾಗವಿರಬೇಕಲ್ಲ? ಕೊನೆಗೆ ಮಾರುಕಟ್ಟೆಯಿಂದ ಹಿಂಡಿ ಬರುತ್ತದೆ, ಲಾಭ ಹೋಗುತ್ತದೆ. ಎರಡನೇ ವರ್ಷಕ್ಕೆ ‘ಕುರಿ ಸಾಕಣೆ ಆಗುವ ಕೆಲಸ ಅಲ್ಲ’ ಎಂದು ಶೆಡ್ ಖಾಲಿ ಮಾಡಿದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಹಲವರ ಕುರಿಯೂ ತಪ್ಪು ಮಾಡಿರಲಿಲ್ಲ, ತಮ್ಮನೂ ತಪ್ಪು ಮಾಡಿರಲಿಲ್ಲ. ತಪ್ಪಿದ್ದು ಮೇವಿನ ಅಂಕಿ.

ಆದ್ದರಿಂದ ಕೇಳಬೇಕಾದದ್ದನ್ನು ಸ್ಪಷ್ಟವಾಗಿ ಕೇಳೋಣ. ಮೇವಿನ ಕಡ್ಡಿ, ಬೀಜ ಮಾರುವವರು ಶೇಕಡಾವಾರು ಅಂಕಿ ಬರೆದರೆ ಅದರ ಪಕ್ಕದಲ್ಲೇ ಹುಲ್ಲಿನ ವಯಸ್ಸು, ಒಣ ಪದಾರ್ಥ, ಎಷ್ಟು ಕುರಿ, ಎಷ್ಟು ದಿನ ಎಂಬುದನ್ನೂ ಬರೆಯಬೇಕು. ಕುರಿಯಲ್ಲಿ ಪರೀಕ್ಷೆಯಾಗಿಲ್ಲದಿದ್ದರೆ ಹಾಗೆಂದು ಹೇಳಬೇಕು. ಸಹಾಯಧನದ ಯೋಜನಾ ವರದಿ ಹಸಿ ಟನ್‌ಗಳ ಲೆಕ್ಕ ಬಿಟ್ಟು ಜೀರ್ಣವಾಗುವ ಒಣ ಪದಾರ್ಥದ ಲೆಕ್ಕ ಕೇಳಬೇಕು.

ನಮ್ಮಲ್ಲಿ ಸಂಸ್ಥೆಗಳಿಗೆ ಕೊರತೆಯಿಲ್ಲ. ಬೆಂಗಳೂರಿನಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇದೆ, ಧಾರವಾಡದಲ್ಲಿ ಝಾನ್ಸಿಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಬೀದರ್‌ನಲ್ಲಿ ಪಶು ವಿಶ್ವವಿದ್ಯಾಲಯವಿದೆ. ಒಂದೊಂದು ಮೇವಿಗೆ, ಮಳೆಗಾಲ, ಚಳಿಗಾಲ, ಬೇಸಿಗೆಗೆ ಪ್ರತ್ಯೇಕವಾಗಿ, 30, 45, 60 ದಿನದ ಕೊಯ್ಲಿಗೆ, ಬನ್ನೂರು, ಬಳ್ಳಾರಿ, ಕೆಂಗುರಿ, ಡೆಕ್ಕನಿ ಕುರಿಗಳಲ್ಲಿ ಅಳೆದ ಅಂಕಿಗಳು ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ರೈತನ ಫೋನಿಗೆ ಬರುವಂತಾಗಬೇಕು. ಇದಕ್ಕೆ ಕೋಟಿಗಳ ಯಂತ್ರ ಬೇಡ. ಆರು ಪಂಜರ, ಒಂದು ತಕ್ಕಡಿ, ಒಂದು ಒಲೆಪೆಟ್ಟಿಗೆ, ಮತ್ತು ಬೆಳಗ್ಗೆ ಆರಕ್ಕೆ ತಪ್ಪದೆ ಬರುವ ಜನ ಬೇಕು. ಕೊನೆಯದಕ್ಕೆ ಸಂಬಳ ಕೊಡುವ ಮನಸ್ಸು ನಮ್ಮ ಸಂಶೋಧನಾ ಯೋಜನೆಗಳಿಗೆ ಇರಬೇಕು. ಹಿಕ್ಕೆ ತೂಗುವ ಕೆಲಸಕ್ಕೆ ಹೊಳಪಿಲ್ಲ, ಆದರೆ ಉಳಿದೆಲ್ಲ ಹೊಳಪಿನ ಕೆಲಸ ನಿಂತಿರುವುದು ಅದರ ಮೇಲೆ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದೂ ಇದೆ. ಊರಿನ ತಮ್ಮನಿಗೆ ಒಂದು ಅಡುಗೆ ತಕ್ಕಡಿ ಕೊಡಿಸಿ. ಹುಲ್ಲು ತೂಗಿದ ಗಳಿಗೆಯಲ್ಲೇ 200 ಗ್ರಾಂ ಎತ್ತಿಟ್ಟು, ಕತ್ತರಿಸಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಲಿ. ನೀರಿಗೆ ಎಷ್ಟು ದುಡ್ಡು ಕೊಡುತ್ತಿದ್ದೀರಿ ಎಂಬುದು ಮೊದಲ ದಿನವೇ ತಿಳಿಯುತ್ತದೆ. ಮಿಕ್ಕ ದಂಟನ್ನು ದಿನಾ ತೂಗಿ ಬರೆದಿಡಲಿ. ಹೊಸ ಹುಲ್ಲನ್ನು ಅರ್ಧ ಮರಿಗಳಿಗೆ ಮಾತ್ರ ಹಾಕಿ, ಉಳಿದರ್ಧಕ್ಕೆ ಹಳೆಯದನ್ನೇ ಮುಂದುವರಿಸಲಿ. ಶುರುವಿಗೆ ಎರಡು ದಿನ, ಕೊನೆಗೆ ಎರಡು ದಿನ, ಬೆಳಗಿನ ಮೇವಿಗೆ ಮುಂಚೆ ಅದೇ ಹೊತ್ತಿಗೆ ತೂಕ ನೋಡಲಿ, ನಡುವೆ ಆರು ವಾರ ಬಿಡಲಿ. ಒಂದೇ ವಾರಕ್ಕೆ ಮರಿ ಎರಡು ಕೆ.ಜಿ. ಏರಿದರೆ ಹಿಗ್ಗಬೇಡಿ, ಅದರಲ್ಲಿ ಹೆಚ್ಚಿನದು ಹೊಟ್ಟೆಯೊಳಗಿನ ನೀರು ಮತ್ತು ಹುಲ್ಲು. ಇದು ಜೀರ್ಣತೆಯ ಪರೀಕ್ಷೆಯಲ್ಲ. ಆದರೆ ಜಾಹೀರಾತಿಗಿಂತ ಪ್ರಾಮಾಣಿಕವಾದ ಉತ್ತರ ಕೊಡುತ್ತದೆ.

ಮುಂದಿನ ಭಾನುವಾರ ಫೋನ್ ಮಾಡುವವರು ಹುಲ್ಲಿನ ಹೆಸರು ಹೇಳುವ ಮೊದಲು ಈ ನೋಟ್‌ಬುಕ್ಕಿನ ನಾಲ್ಕು ಪುಟ ಕಳಿಸಲಿ. ಆಮೇಲೆ ಮಾತಾಡೋಣ.